ಗುಡ್ಡದ ಸಭೆಯೂ ಜಾಲದ ಸಭೆಯೂ



ಮಾರ್ಗಶಿರದ ಹುಣ್ಣಿಮೆ, ಎಂದರೆ ಹೊಸ್ತಿಲ ಹುಣ್ಣಿಮೆ, ಹತ್ತಿರವಾದಂತೆ ಕೊಲ್ಲಾಪುರ ಸೀಮೆಯ ಊರೂರಿನಿಂದ, ಹಿಂದೆ ಎತ್ತಿನ ಬಂಡಿಗಳಲ್ಲಿಯೂ ಈಗ ಸಾರಿಗೆ ಬಸ್ಸುಗಳಲ್ಲಿಯೂ, ಹಣೆಗೆ ಭಂಡಾರ ಬಳಿದುಕೊಂಡ ಜನಸಮೂಹವು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಡುವುದು ಈ ಭಾಗದವರಿಗೆ ತಲೆಮಾರುಗಳಿಂದ ತಿಳಿದ ಸಂಗತಿ. ಕ್ಷೇತ್ರವು ಕರ್ನಾಟಕದ್ದು, ಹೊಸ್ತಿಲ ಹುಣ್ಣಿಮೆಯ ಆ ಭಕ್ತಸಮೂಹದಲ್ಲಿ ಬಹುದೊಡ್ಡ ಪಾಲು ಮಹಾರಾಷ್ಟ್ರದ್ದು. ಇಚಲಕರಂಜಿಯ ಮಗ್ಗದ ಕೆಲಸಗಾರನೂ, ಹುಪರಿಯ ಬೆಳ್ಳಿ ಕೆಲಸದವನೂ, ಗಡಹಿಂಗ್ಲಜದ ರೈತನೂ ಜೋಗುಳಬಾವಿಯಲ್ಲಿ ಮಿಂದು, ಗುಡ್ಡವನ್ನೇರಿ, ಮರಾಠಿಯಲ್ಲಿ ಹರಕೆ ಹೊತ್ತು ಕನ್ನಡದಲ್ಲಿ ಹಾಡು ಕೇಳಿ ಹಿಂದಿರುಗುವರು. ‘ಉದೋ’ ಎಂಬ ಕೂಗು ಮಾತ್ರ ಎರಡು ನುಡಿಗಳವರಿಗೂ ಒಂದೇ.

ಈ ಪ್ರವಾಹದ ನಡುವೆ ಸೀರೆಯುಟ್ಟು, ಹಸಿರು ಬಳೆ ತೊಟ್ಟು, ತಲೆಯ ಮೇಲೆ ದೇವಿಯ ಕೊಡವನ್ನೋ ಕಂಕುಳಲ್ಲಿ ಚೌಡಿಕೆಯೆಂಬ ತಂತಿವಾದ್ಯವನ್ನೋ ಹೊತ್ತು ನಡೆಯುವ ಕೆಲವರಿರುವರು. ಹುಟ್ಟಿದಾಗ ಗಂಡುಮಕ್ಕಳೆಂದು ಕರೆಯಲ್ಪಟ್ಟು, ಬೆಳೆಯುತ್ತ ತಮ್ಮೊಳಗಿನ ಹೆಣ್ತನವನ್ನು ತಾವೇ ಕಂಡುಕೊಂಡು, ಅದನ್ನು ಮುಚ್ಚಿಡಲಾರದೆ, ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಆಕೆಗೆ ಮುಡಿಪಾದವರು ಇವರು. ಕನ್ನಡದಲ್ಲಿ ಜೋಗಪ್ಪ, ಜೋಗತಿ ಎಂದೂ ಮರಾಠಿಯಲ್ಲಿ ಜೋಗತ್ಯಾ ಎಂದೂ ಇವರನ್ನು ಕರೆಯುವರು. ಇಂದು ನಾನು ಮಾತನಾಡಬೇಕೆಂದಿರುವುದು ಇವರನ್ನು ಕುರಿತು. ಮತ್ತು ಇವರಂತೆಯೇ ಹೆಣ್ಣು ಗಂಡೆಂಬ ಕಟ್ಟಳೆಗೆ ಒಳಪಡದೆ, ತಮ್ಮ ಕಾಯವನ್ನೇ ಕಲೆಯ ಉಪಕರಣ ಮಾಡಿಕೊಂಡ ದೂರದೇಶಗಳ ಕಲಾವಿದರು ಈಚಿನ ವರುಷಗಳಲ್ಲಿ ಅಂತರಜಾಲದ ಮೂಲಕ ಕೂಡುತ್ತಿರುವ ಸಭೆಗಳನ್ನು ಕುರಿತು. ಗುಡ್ಡದ ಜಾತ್ರೆಗೂ ಕಂಪ್ಯೂಟರಿನ ಪರದೆಯ ಮೇಲಣ ಕೂಟಕ್ಕೂ ಏನು ಸಂಬಂಧವೆಂದು ಕೇಳುವವರಿರಬಹುದು. ಸಂಬಂಧವು ಹತ್ತಿರದ್ದೆಂದೂ, ಗುಡ್ಡದ ಸಭೆಯ ಧರ್ಮವನ್ನು ಜಾಲದ ಸಭೆಯು ಕಲಿತುಕೊಂಡಲ್ಲದೆ ಸಾರ್ಥಕವಾಗಲಾರದೆಂದೂ ನನ್ನ ದೃಢವಾದ ಅಭಿಪ್ರಾಯ.

ಆ ಧರ್ಮವೇನೆಂಬುದನ್ನು ಮೊದಲು ಹೇಳಬೇಕು. ತನ್ನ ಮನೆಯಲ್ಲಿ ಏಟು ತಿಂದ, ಶಾಲೆಯಲ್ಲಿ ಹಾಸ್ಯಕ್ಕೊಳಗಾದ, ಊರ ಕಟ್ಟೆಯ ಮೇಲೆ ಕೂಡಲಾರದ ಹುಡುಗನೊಬ್ಬನಿಗೆ ತಲೆಯಲ್ಲಿ ಜಡೆ ಮೂಡಿದಾಗಲೋ, ವಾಸಿಯಾಗದ ರೋಗವೊಂದು ಹತ್ತಿದಾಗಲೋ, ಮನೆಯ ಹಿರಿಯರು ಅದನ್ನು ದೇವಿಯ ಕಾಟವೆಂದು ತಿಳಿದು, ಅಳುತ್ತಲೇ ಅವನನ್ನು ಹಿರಿಯ ಜೋಗತಿಯೊಬ್ಬಳ ಕೈಗೆ ಒಪ್ಪಿಸುವರು. ಆ ಹಿರಿಯಳು ಗುರುವಾಗುವಳು, ತಾಯಿಯೂ ಆಗುವಳು. ದೇವಿಯ ಬುಟ್ಟಿಯಾದ ಪಡ್ಡಲಗಿಯನ್ನು ಹಿಡಿಯುವ ಬಗೆ, ಮಂಗಳವಾರ ಶುಕ್ರವಾರ ದೇವಿಯ ಹೆಸರಿನ ಭಿಕ್ಷೆಯಾದ ಜೋಗವನ್ನು ಬೇಡುವ ಕ್ರಮ, ಚೌಡಿಕೆಯ ತಂತಿಯನ್ನು ಮೀಟುತ್ತ, ಎಲ್ಲಮ್ಮನೇ ಆದ ರೇಣುಕೆಯ ಕಥೆಯನ್ನು ಇರುಳಿಡೀ ಹಾಡುವ ವಿದ್ಯೆ, ಇವೆಲ್ಲವೂ ಬಾಯಿಂದ ಬಾಯಿಗೆ, ಮೈಯಿಂದ ಮೈಗೆ ಬರುವುವು. ಹೀಗೆ ಸಿದ್ಧಳಾದವಳು ಗುಡ್ಡವನ್ನೇರಿದಾಗ, ತನ್ನ ಊರಿನಲ್ಲಿ ಒಬ್ಬಂಟಿಯಾಗಿದ್ದವಳು ತನ್ನಂಥವರ ನಡುವೆ ನಿಲ್ಲುವಳು. ಬೆಳಗಾವಿಯ ಜೋಗಪ್ಪ, ಸಾಂಗಲಿಯ ಜೋಗತ್ಯಾ, ಆಂಧ್ರ ತೆಲಂಗಾಣಗಳ ಕಡೆಯಿಂದ ಬಂದ ಎಲ್ಲಮ್ಮನ ಮಕ್ಕಳು ಅಲ್ಲಿ ಸೇರಿ, ಒಬ್ಬರ ಹಾಡಿಗೆ ಇನ್ನೊಬ್ಬರು ದನಿಗೂಡಿಸುವರು. ನೀನು ಯಾರು, ಹೆಣ್ಣೋ ಗಂಡೋ, ಏಕೆ ಹೀಗಾದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಭಕ್ತರು ಕಾಲು ಮುಟ್ಟಿ ನಮಸ್ಕರಿಸಿ ಅವಳ ಕೈಯಿಂದ ಭಂಡಾರವನ್ನು ಪಡೆಯುವರು. ಅವಳು ಅಲ್ಲಿ ಪ್ರದರ್ಶನದ ವಸ್ತುವಲ್ಲ, ಅಧಿಕಾರವುಳ್ಳ ವ್ಯಕ್ತಿ. ವಿವರಣೆಯನ್ನು ಕೇಳದೆ ಆದರವನ್ನು ಕೊಡುವುದು, ಬಂದವಳು ತನ್ನ ನುಡಿಯಲ್ಲಿ ತನ್ನ ವಾದ್ಯದೊಡನೆ ತನ್ನ ಗುರುವಿನ ಹೆಸರು ಹೇಳಿಕೊಂಡು ಬರಲು ಬಿಡುವುದು, ಇದನ್ನೇ ನಾನು ಗುಡ್ಡದ ಸಭೆಯ ಧರ್ಮವೆಂದೆನು.

ಈ ಚಿತ್ರವನ್ನು ಇಲ್ಲಿಗೇ ನಿಲ್ಲಿಸಿದರೆ ಅನ್ಯಾಯವಾದೀತು. ಅದೇ ಗುಡ್ಡದ ಹೆಸರಿನಲ್ಲಿ ಬಡ ದಲಿತ ಕುಟುಂಬಗಳ ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ಅವರ ಬಾಳನ್ನು ಕೆಡಿಸಿದ ಕಥೆಯೂ ಈ ಸೀಮೆಯದೇ. ಕೊಲ್ಲಾಪುರದ ಶಾಹೂ ಮಹಾರಾಜರು 1920ರಲ್ಲಿಯೇ ತಮ್ಮ ಸಂಸ್ಥಾನದಲ್ಲಿ ಈ ದೇವದಾಸಿ ಪದ್ಧತಿಯ ವಿರುದ್ಧ ಕಾನೂನು ಮಾಡಿದರು. 1970ರ ದಶಕದಲ್ಲಿ ಗಡಹಿಂಗ್ಲಜ ನಿಪ್ಪಾಣಿಗಳ ಸುತ್ತ ದೇವದಾಸಿಯರ ವಿಮೋಚನೆಯ ಚಳವಳಿ ಎದ್ದಿತು. ಕರ್ನಾಟಕದಲ್ಲಿ 1982ರ ಕಾಯಿದೆಯೂ ಮಹಾರಾಷ್ಟ್ರದಲ್ಲಿ 2005ರ ಕಾಯಿದೆಯೂ ಬಂದವು. ಗಡಹಿಂಗ್ಲಜ ಭಾಗದವರೇ ಆದ ರಾಜನ್ ಗವಸ್ ಅವರು ‘ಚೌಂಡಕ’, ‘ಭಂಡಾರಭೋಗ’ ಎಂಬ ಮರಾಠಿ ಕಾದಂಬರಿಗಳಲ್ಲಿ ಈ ಲೋಕದ ನೋವನ್ನು ಒಳಗಿನಿಂದ ಬರೆದರು. ಅವುಗಳ ಆಧಾರದ ಮೇಲೆ ರಾಜೀವ ಪಾಟೀಲರು ನಿರ್ದೇಶಿಸಿದ ‘ಜೋಗವಾ’ ಚಲನಚಿತ್ರವು ರಾಷ್ಟ್ರಪ್ರಶಸ್ತಿಗಳನ್ನು ಪಡೆಯಿತು. ‘ಭಂಡಾರಭೋಗ’ದ ನಾಯಕನು ತಾನಾಗಿ ಬಯಸದೆ, ಸೀರೆಯ ಸೆರೆಗೆ ಸಿಕ್ಕಿಕೊಂಡ ತರುಣ. ಆದುದರಿಂದ ಜೋಗತಿಯಾದವರೆಲ್ಲರೂ ತಮ್ಮ ಒಳಗಿನ ಕರೆಗೆ ಓಗೊಟ್ಟವರೆಂದು ಹೇಳಲಾಗದು. ಬಲಾತ್ಕಾರದಿಂದ ಬಂದವರೂ ಉಂಟು, ಬೇರೆ ದಾರಿಯಿಲ್ಲದೆ ಬಂದವರೂ ಉಂಟು. ಇಷ್ಟಾದರೂ, ಕಾಯಿದೆಯ ಭಯದಿಂದ ಗುಡ್ಡದ ಎಲ್ಲ ಜೋಗತಿಯರನ್ನೂ ಒಂದೇ ಕಟ್ಟಿಗೆ ಸೇರಿಸಿ ಅಟ್ಟುವುದು ನ್ಯಾಯವಲ್ಲ. ಎಳೆಯ ಹುಡುಗಿಯನ್ನು ಒಪ್ಪಿಸುವುದು ಅಪರಾಧ. ಪ್ರಾಯಕ್ಕೆ ಬಂದ ಒಂದು ಜೀವವು ತನ್ನ ಸ್ವಭಾವಕ್ಕೆ ತಕ್ಕ ಉಡುಪನ್ನೂ ಹಾಡನ್ನೂ ಆರಿಸಿಕೊಳ್ಳುವುದು ಅದರ ಹಕ್ಕು. ಈ ಎರಡನ್ನು ಬೇರ್ಪಡಿಸಿ ನೋಡುವ ವಿವೇಕವು ನಮಗೆ ಬಾರದ ಹೊರತು ಮುಂದಿನ ಮಾತು ವ್ಯರ್ಥ.

ನಮ್ಮ ಈ ಕೊಲ್ಲಾಪುರ ಸೀಮೆಗೆ ರಂಗದ ಮೇಲಿನ ಸ್ತ್ರೀವೇಷವೇನೂ ಅಪರಿಚಿತವಲ್ಲ. ಮರಾಠಿ ರಂಗನಟರಾದ ಬಾಲಗಂಧರ್ವರು ಸೀರೆಯುಟ್ಟು ರಂಗಕ್ಕೆ ಬಂದಾಗ ಕುಲೀನ ಗೃಹಿಣಿಯರು ಅವರ ಉಡುಗೆಯನ್ನು ನೋಡಿ ತಮ್ಮ ಉಡುಗೆಯನ್ನು ತಿದ್ದಿಕೊಂಡರೆಂದು ಹಿರಿಯರು ಹೇಳುವರು; ಗುರ್ಲಾಪುರ ಗೋಕಾಕಗಳ ಕಡೆಯ ಪಾರಿಜಾತದಾಟದಲ್ಲಿಯೂ ಕರಾವಳಿಯ ಯಕ್ಷಗಾನದಲ್ಲಿಯೂ ಗಂಡಸರು ಹೆಣ್ಣಾಗಿ ಹಾಡಿ ಜನರನ್ನು ಅಳಿಸಿದರು. ಆದರೆ ಮರಾಠಿ ಜಾನಪದ ರಂಗವಾದ ತಮಾಷಾದಲ್ಲಿ ‘ನಾಚ್ಯಾ’ ಎಂಬ ಪಾತ್ರವುಂಟು; ಸೊಂಟ ಬಳುಕಿಸಿ ನಗಿಸುವುದೇ ಅವನ ಕೆಲಸ. ಕೊಲ್ಲಾಪುರದಲ್ಲಿಯೇ ಹುಟ್ಟಿದ ಗಣಪತ ಪಾಟೀಲರು ಮರಾಠಿ ಚಲನಚಿತ್ರಗಳಲ್ಲಿ ಆ ಪಾತ್ರವನ್ನು ಎಷ್ಟು ಚೆನ್ನಾಗಿ ಅಭಿನಯಿಸಿದರೆಂದರೆ, ಜನರು ಪಾತ್ರವನ್ನು ಮರೆಯದೆ ಮನುಷ್ಯನನ್ನೇ ಅದರಿಂದ ಅಳೆಯತೊಡಗಿ, ಅವರು ಸಂಸಾರಸ್ಥರಾಗಿದ್ದರೂ ಬಾಳಿನುದ್ದಕ್ಕೂ ಅಪಹಾಸ್ಯವನ್ನು ಹೊರಬೇಕಾಯಿತು. ಕಾಗಲದ ಆನಂದ ಯಾದವರ ‘ನಟರಂಗ’ ಕಾದಂಬರಿಯಲ್ಲಿಯೂ ಇದೇ ದುರಂತವಿದೆ: ಮಲ್ಲನ ಮೈಕಟ್ಟಿನ ಕಲಾವಿದನೊಬ್ಬ ಕಲೆಗಾಗಿ ನಾಚ್ಯಾ ಆದದ್ದಕ್ಕೆ ಊರು ಅವನನ್ನು ಕ್ಷಮಿಸಲಿಲ್ಲ. ರೇಷ್ಮೆಯನ್ನುಟ್ಟು ಟಿಕೀಟಿನ ರಂಗದ ಮೇಲೆ ನಿಂತ ಸ್ತ್ರೀರೂಪಕ್ಕೆ ಕೈಮುಗಿದ ಅದೇ ಸಮಾಜವು, ವೇಷ ಕಳಚಿದ ಮೇಲೂ ಹೆಣ್ಣಾಗಿಯೇ ಇರುವೆನೆಂದವನನ್ನು ಬೀದಿಯಲ್ಲಿ ಕಲ್ಲೆಸೆದು ಓಡಿಸಿತು. ಕಲೆಯನ್ನು ಮೆಚ್ಚಿ ಕಲಾವಿದನನ್ನು ತಿರಸ್ಕರಿಸುವ ಈ ದ್ವೈತವು ನಮ್ಮ ರಸಿಕತೆಗೆ ಅಂಟಿದ ದೊಡ್ಡ ಕಳಂಕ.

ಆ ಕಳಂಕವನ್ನು ತೊಳೆಯುವ ಕಾರ್ಯದಲ್ಲಿ ಕನ್ನಡ ನಾಡು ಒಂದು ಹೆಜ್ಜೆಯನ್ನು ಗೌರವದಿಂದ ಇಟ್ಟಿತು. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಮಂಜುನಾಥನೆಂಬ ಹೆಸರಿನಿಂದ ಹುಟ್ಟಿ, ಹುಲಿಗಿಯ ಹುಲಿಗೆಮ್ಮನ ಸನ್ನಿಧಿಯಲ್ಲಿ ದೀಕ್ಷೆ ಪಡೆದು, ಮನೆಯಿಂದ ಹೊರಬಿದ್ದು, ಹಸಿವನ್ನೂ ಅವಮಾನವನ್ನೂ ಉಂಡು, ಕಾಳವ್ವ ಜೋಗತಿಯವರ ಮೇಳದಲ್ಲಿ ಕುಣಿದು ಬೆಳೆದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಅವರ ಆತ್ಮಕಥನವಾದ ‘ನಡುವೆ ಸುಳಿವ ಹೆಣ್ಣು’ ಗ್ರಂಥವನ್ನು ಅರುಣ್ ಜೋಳದಕೂಡ್ಲಿಗಿಯವರು ನಿರೂಪಿಸಿದ್ದಾರೆ. ಅದನ್ನು ಓದದವರು ಓದಬೇಕು. 2021ರ ನವೆಂಬರ್ 9ರಂದು ರಾಷ್ಟ್ರಪತಿಭವನದಲ್ಲಿ ಪದ್ಮಶ್ರೀ ಸ್ವೀಕರಿಸಲು ಹೋದ ಮಂಜಮ್ಮನವರು, ಸೆರಗನ್ನು ಹಿಡಿದು ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದರು. ಬಾಗಿಲಿಗೆ ಬಂದ ಜೋಗತಿಯು ನಮ್ಮ ಮನೆಯ ಮಕ್ಕಳಿಗೆ ಹರಸುವ ಬಗೆಯೇ ಅದು. ಅದನ್ನು ದೇಶದ ಪ್ರಥಮ ಪ್ರಜೆಗೆ, ಅಂಜಿಕೆಯಿಲ್ಲದೆ, ಕೊಡುವವಳ ಸ್ಥಾನದಲ್ಲಿ ನಿಂತು ಮಾಡಿದರು. ಆ ಕೆಲವು ಕ್ಷಣಗಳ ದೃಶ್ಯವು ಒಂದೇ ದಿನದಲ್ಲಿ ಅಂತರಜಾಲದ ಮೂಲಕ ಲೋಕವನ್ನೆಲ್ಲ ಸುತ್ತಿತು. ಜೋಗತಿಯೊಬ್ಬಳ ಸನ್ನೆಯನ್ನು ಅದರ ಅರ್ಥವರಿಯದ ನಾಡುಗಳವರೂ ಕಂಡು ಕಣ್ಣೀರಿಟ್ಟರೆಂದರೆ, ಜಾಲದ ಶಕ್ತಿಯು ಸಾಮಾನ್ಯವಲ್ಲವೆಂದು ತಿಳಿಯಬೇಕು.

ಈ ಶಕ್ತಿಯ ಮುಖ್ಯ ಪರೀಕ್ಷೆಯು ಅದಕ್ಕೆ ಹಿಂದಿನ ವರುಷದಲ್ಲಿಯೇ ನಡೆದಿತ್ತು. 2020ರ ಮಾರ್ಚಿನಲ್ಲಿ ಕೊರೋನಾ ವ್ಯಾಧಿಯ ದೆಸೆಯಿಂದ ದೇಶವೇ ಬಾಗಿಲು ಹಾಕಿಕೊಂಡಾಗ ಎಲ್ಲಮ್ಮನ ಗುಡ್ಡವೂ ತಿಂಗಳುಗಟ್ಟಲೆ ಮುಚ್ಚಿತು. ಜಾತ್ರೆಯಿಲ್ಲ, ಜೋಗವಿಲ್ಲ, ಮದುವೆ ಮುಂಜಿಗಳಿಲ್ಲ. ಬಾಗಿಲಿಗೆ ಬಂದವರನ್ನು ಮುಟ್ಟಬಾರದೆಂಬ ಕಾಲದಲ್ಲಿ ಭಿಕ್ಷೆಯೇ ವೃತ್ತಿಯಾದವಳ ಗತಿಯೇನು! ಅದೇ ಹೊತ್ತಿನಲ್ಲಿ ಲೋಕದ ಬೇರೆ ಭಾಗಗಳಲ್ಲಿ, ಇರುಳಿನ ರಂಗಶಾಲೆಗಳನ್ನೂ ನೃತ್ಯಗೃಹಗಳನ್ನೂ ನಂಬಿ ಬಾಳಿದ್ದ ಇಂಥದೇ ಕಲಾವಿದರೂ ನಿರಾಶ್ರಿತರಾದರು. ಆದರೆ ಅವರು ಸುಮ್ಮನೆ ಕೂಡಲಿಲ್ಲ. ಕೆನಡಾದ ಟೊರಾಂಟೊ ನಗರದ ನಾಲ್ವರು ಗೆಳೆಯರು ಆ ಮಾರ್ಚಿನಲ್ಲಿಯೇ ಜೂಮ್ ಎಂಬ ದೃಶ್ಯಸಭೆಯಲ್ಲಿ ‘ಕ್ಲಬ್ ಕ್ವಾರಂಟೈನ್’ ಎಂಬ ಇರುಳಿನ ಕೂಟವನ್ನು ಆರಂಭಿಸಲು, ದೇಶದೇಶಗಳ ಜನರು ತಮ್ಮ ತಮ್ಮ ಮಲಗುವ ಕೋಣೆಗಳಿಂದಲೇ ಅದರಲ್ಲಿ ಕುಣಿದರು. ಜೂನ್ 27ರಂದು ಲೋಕದ ನಾನಾ ನಗರಗಳಲ್ಲಿ ಲಿಂಗ, ಲೈಂಗಿಕ ಅಲ್ಪಸಂಖ್ಯಾತರು ನಡೆಸುವ ಸ್ವಾಭಿಮಾನ (ಪ್ರೈಡ್) ಮೆರವಣಿಗೆಗಳು ಒಂದಾಗಿ, ದೇಶದೇಶಗಳಿಂದ ಹಾಡು ಕುಣಿತಗಳನ್ನು ಬಿತ್ತರಿಸಿದವು. ನಮ್ಮಲ್ಲಿ ಇದೇ ಸಮುದಾಯಗಳ, ಮುಂಬಯಿಯ ‘ಕಶಿಶ್’ ಚಲನಚಿತ್ರೋತ್ಸವವು ಆ ವರುಷ ಜಾಲದ ಮೂಲಕವೇ ನಡೆಯಿತು. ಹೈದರಾಬಾದಿನ ನರ್ತಕ ಪತ್ರುನಿ ಶಾಸ್ತ್ರಿಯವರು, ಶಾಸ್ತ್ರೀಯ ನೃತ್ಯವನ್ನು ಬಲ್ಲವರು, ಹೆಣ್ಣು ಗಂಡಿನ ವೇಷಗಳನ್ನು ಬದಲಿಸಿ ಆಡುವ, ಡ್ರ್ಯಾಗ್ ಎಂಬ ಕಲೆಯ ಭಾರತೀಯ ಕಲಾವಿದರನ್ನು ಒಗ್ಗೂಡಿಸಲು ‘ಡ್ರ್ಯಾಗ್‌ವಂತಿ’ ಎಂಬ ವೇದಿಕೆಯನ್ನು ಕಟ್ಟಿದರು. ವ್ಯಾಧಿಯ ಭಯ ಕಳೆದ ಮೇಲೂ ಈ ಅಭ್ಯಾಸವು ಪೂರ್ತಿಯಾಗಿ ಅಳಿಯಲಿಲ್ಲ.

ಇಂಥ ಒಂದು ಸಭೆಯಲ್ಲಿ ನಮ್ಮ ಜೋಗತಿಯು ಕುಳಿತಳೆಂದು ಭಾವಿಸೋಣ. ಅವಳು ಯಾರ ಮುಖವನ್ನು ಕಂಡಾಳು? ಇಂಡೋನೇಷಿಯಾದ ದಕ್ಷಿಣ ಸುಲಾವೆಸಿಯಲ್ಲಿ ಬುಗಿಸ್ ಎಂಬ ಜನಾಂಗವುಂಟು. ಅವರು ಲಿಂಗವನ್ನು ಎರಡಲ್ಲ, ಐದು ಬಗೆಯಾಗಿ ಎಣಿಸುವರು. ಐದನೆಯವರಾದ ಬಿಸ್ಸುಗಳು ಹೆಣ್ಣೂ ಗಂಡೂ ಒಂದಾದವರೆಂಬ ಕಾರಣಕ್ಕೆ ಪುರೋಹಿತರಾದರು. ಹಿಂದೆ ಅರಸುಮನೆಯ ಪವಿತ್ರ ವಸ್ತುಗಳನ್ನು ಕಾಯುತ್ತಿದ್ದವರು. ಬತ್ತದ ಬೇಸಾಯ ಆರಂಭವಾಗುವ ಮುನ್ನ ಪೂಜೆಯನ್ನು ನಡೆಸುವವರು. ಆವೇಶ ಬಂದಾಗ ಕಠಾರಿಯನ್ನು ಗಂಟಲಿಗೆ ಒತ್ತಿಕೊಂಡು ಕುಣಿಯುವವರು. ಕಳೆದ ಶತಮಾನದ ನಡುವಿನಲ್ಲಿ ಮತಾಂಧರಾದ ದಂಗೆಕೋರರು ಇವರನ್ನು ಬೇಟೆಯಾಡಿದರು. ಕೆಲವರು ಮಾತ್ರ ಉಳಿದರು. ಅದೇ ದೇಶದ ಜಾವಾ ದ್ವೀಪದ ಬನ್ಯುಮಾಸದಲ್ಲಿ ಗಂಡಸರೇ ಹೆಣ್ಣಾಗಿ ಕುಣಿಯುವ ‘ಲೆಂಗ್ಗೆರ್ ಲನಾಂಗ್’ ಇದೆ. ಆ ನೃತ್ಯದ ಕಲಾವಿದ ರಿಯಾಂತೊ ಅವರ ಬಾಳನ್ನು ಆಧರಿಸಿದ ಚಲನಚಿತ್ರವನ್ನು ನಿರ್ದೇಶಕ ಗಾರಿನ್ ನುಗ್ರೊಹೊ 2018ರಲ್ಲಿ ತೆಗೆದರು. ಮೆಕ್ಸಿಕೊ ದೇಶದ ಓಹಾಕಾದಲ್ಲಿ ಝಾಪೊಟೆಕ್ ಎಂಬ ಮೂಲನಿವಾಸಿಗಳ ನಡುವೆ, ಗಂಡಾಗಿ ಹುಟ್ಟಿ ಹೆಣ್ಣಿನ ರೀತಿಯಲ್ಲಿ ಬಾಳುವ ಮುಶೆಗಳಿರುವರು. ಹೂ ಕಸೂತಿಯ ಉಡುಪನ್ನುಟ್ಟು ಇರುಳೆಲ್ಲ ಹಬ್ಬ ಮಾಡುವರು. ಅವರಲ್ಲಿ ಒಬ್ಬರಾದ ಲೂಕಾಸ್ ಅವೆಂದಾನ್ಯೊ ಎಂಬ ಪ್ರದರ್ಶನ ಕಲಾವಿದರು, 2018ರಲ್ಲಿ ತಮ್ಮ ಸೋದರನು ಕಣ್ಮರೆಯಾದಾಗ, ಅವನ ಭಾವಚಿತ್ರವನ್ನು ಎತ್ತಿಹಿಡಿದು ತಮ್ಮ ಸಾಂಪ್ರದಾಯಿಕ ಉಡುಪಿನಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಮೌನವಾಗಿ ಕುಳಿತು, ಕಲೆಯನ್ನೇ ಹುಡುಕಾಟವಾಗಿ ಮಾಡಿದರು. ಇಂಥದೇ ಬಾಳನ್ನು ಬಾಳುವ, ಸಮೋವಾ ದ್ವೀಪದ ಫಾಅಫಾಫಿನೆ ಎಂಬ ಪರಂಪರೆಯ ಯೂಕಿ ಕಿಹಾರಾ ಅವರು 2022ರ ವೆನಿಸ್ ಕಲೋತ್ಸವದಲ್ಲಿ ನ್ಯೂಜಿಲೆಂಡನ್ನು ಪ್ರತಿನಿಧಿಸಿದರು.

ಇವರೆಲ್ಲರ ವಿಚಾರವು ನಮ್ಮ ಜೋಗತಿಗೆ ಒಂದು ದೊಡ್ಡ ಸಮಾಧಾನ. ತಾನೊಬ್ಬಳೇ ದೇವಿಯ ಕಾಟಕ್ಕೆ ಸಿಕ್ಕವಳಲ್ಲ, ಸಮುದ್ರಗಳಾಚೆಗೆ ಬೇರೆ ದೇವರ ಹೆಸರಿನಲ್ಲಿ ಬೇರೆ ಹಾಡು ಹಾಡುತ್ತ ತನ್ನದೇ ಬಾಳನ್ನು ಬಾಳುವವರಿದ್ದಾರೆ ಎಂಬ ಅರಿವು ಕಡಿಮೆಯ ಲಾಭವಲ್ಲ. ಅವರಿಗಾದರೂ ಇವಳಿಂದ ಕಲಿಯತಕ್ಕದ್ದು ಬಹಳವಿದೆ. ನ್ಯೂಯಾರ್ಕಿನಲ್ಲೋ ಬರ್ಲಿನ್ನಿನಲ್ಲೋ ಡ್ರ್ಯಾಗ್ ಆಡುವ ತರುಣನು ರಂಗಕ್ಕೂ ಬೀದಿಗೂ ನಡುವಣ ಗೋಡೆಯನ್ನು ಒಡೆಯುವುದು ಹೇಗೆಂದು ಸಿದ್ಧಾಂತಗಳನ್ನು ಓದುತ್ತಿರುವನು. ನಮ್ಮ ಜೋಗತಿಗೆ ಆ ಗೋಡೆಯೇ ಇಲ್ಲ. ಬೀದಿಯೇ ಅವಳ ರಂಗ, ಅಂಗಳವೇ ಅವಳ ಸಭಾಂಗಣ, ಪೂಜೆಯೇ ಅವಳ ಪ್ರಯೋಗ. ಹಿತ್ತಾಳೆಯ ತುಂಬುಕೊಡವನ್ನು, ದೇವಿಯ ಮುಖವನ್ನೂ ನವಿಲುಗರಿಯನ್ನೂ ಕಟ್ಟಿ, ಕೈಬಿಟ್ಟು ತಲೆಯ ಮೇಲೆ ನಿಲ್ಲಿಸಿಕೊಂಡು, ಹೆಜ್ಜೆ ತಪ್ಪದೆ ಸುತ್ತುತ್ತ, ಮೊಣಕಾಲೂರಿ ಹಿಂದಕ್ಕೆ ಬಾಗಿ ನೆಲದ ಮೇಲಣ ನೋಟನ್ನು ಬಾಯಿಂದೆತ್ತುವ ಅವಳ ವಿದ್ಯೆಯು ಕಸರತ್ತಲ್ಲ. ಮಲಪ್ರಭೆಯ ಮರಳಿನಿಂದ ದಿನಕ್ಕೊಂದು ಕೊಡ ಮಾಡಿ, ಹಾವನ್ನು ಸಿಂಬಿ ಮಾಡಿಕೊಂಡು ನೀರು ತಂದ ರೇಣುಕೆಯು, ಚಿತ್ತವು ಒಂದು ಕ್ಷಣ ಚಲಿಸಿದ್ದಕ್ಕೆ ಆ ಶಕ್ತಿಯನ್ನು ಕಳೆದುಕೊಂಡು, ಮಗನ ಕೊಡಲಿಗೆ ತಲೆಯೊಡ್ಡಿದ ಕಥೆಯನ್ನು ಅದು ಮೈಯಿಂದ ಹೇಳುವುದು. ಕೊಡ ನಿಂತಿರುವಷ್ಟು ಹೊತ್ತು ದೇವಿ ನಿಂತಿದ್ದಾಳೆ ಎಂಬುದು ನೋಡುವವನ ಭಾವ.

ಆದರೆ ಜಾಲದ ಸಭೆಯಲ್ಲಿ ಆ ಕೊಡ ಮೊದಲು ಚೌಕಟ್ಟಿನಿಂದ ಹೊರಗೆ ಹೋಗುವುದು! ಕೈಫೋನಿನ ಕಿರಿದಾದ ಕಣ್ಣಿಗೆ ಮುಖ ಕಂಡರೆ ಕೊಡ ಕಾಣದು, ಕೊಡ ಕಂಡರೆ ಕಾಲು ಕಾಣದು. ಧ್ವನಿಯ ತೊಂದರೆಯಂತೂ ಇನ್ನೂ ಹೆಚ್ಚು. ಮಾತಿಗೆಂದು ಕಟ್ಟಿದ ಈ ಯಂತ್ರವ್ಯವಸ್ಥೆಗಳು, ಒಂದೇ ಸಮನೆ ಮಿಡಿಯುವ ನಾದವನ್ನು ಫ್ಯಾನಿನ ಸದ್ದೆಂದೋ ಗದ್ದಲವೆಂದೋ ಬಗೆದು ತಾವಾಗಿಯೇ ಅಳಿಸಿಬಿಡುವುವು; ಶ್ರುತಿಯೂ ಚೌಡಿಕೆಯೂ ಹೀಗೆ ಮೂಕವಾಗಿ ಹಾಡುಗಾರ್ತಿಯ ದನಿಯೊಂದೇ ಬರಿದಾಗಿ ತೇಲುವುದು. ಕೂಡಿ ಬಾರಿಸುವ ಇಬ್ಬರ ನಡುವೆ ಸೆಕೆಂಡಿನ ಮೂವತ್ತರಲ್ಲೊಂದು ಪಾಲಿಗಿಂತ ಹೆಚ್ಚಿನ ವಿಳಂಬವಾದರೆ ತಾಳವು ಕೆಡುವುದೆಂದು ಬಲ್ಲವರು ಹೇಳುವರು. ಖಂಡಾಂತರಗಳ ನಡುವೆ ಅದರ ಎಷ್ಟೋ ಪಟ್ಟು ವಿಳಂಬ ಸಹಜ. ಆದುದರಿಂದ ಗುಡ್ಡದ ಮೇಲೆ ನಡೆಯುವಂತೆ ಒಬ್ಬರ ಹಾಡಿಗೆ ಇನ್ನೊಬ್ಬರು ದನಿಗೂಡಿಸುವ ಕ್ರಮವು ಜಾಲದಲ್ಲಿ ಸಾಧ್ಯವಾಗದು. ಒಬ್ಬರಾದ ಮೇಲೆ ಒಬ್ಬರು, ಸರದಿಯಿಂದ ಹಾಡಬೇಕು. ಗದ್ದಲ ಕಳೆಯುವ ಏರ್ಪಾಡನ್ನು ನಿಲ್ಲಿಸಿಟ್ಟು, ಫೋನನ್ನು ಅಂಗಳದ ಮೂಲೆಯಲ್ಲಿ ದೂರವಿಟ್ಟು, ಬೇರೊಂದು ಧ್ವನಿಗ್ರಾಹಕವನ್ನು ಚೌಡಿಕೆಯ ಬಳಿ ಇರಿಸಿದರೆ ಅರ್ಧ ಕೊರತೆ ನೀಗುವುದು. ಇದನ್ನು ಸಭೆಯನ್ನು ಕರೆದವರು ಮುಂಚಿತವಾಗಿ ಬಂದು ಮಾಡಿಕೊಡಬೇಕು. ಕಲಾವಿದೆಯ ತಲೆಗೆ ಕಟ್ಟಬಾರದು.

ಬಾನುಲಿಯನ್ನು ಕೇಳುತ್ತ ಬೆಳೆದ ನಮಗೆ ದೇಹವಿಲ್ಲದ ದನಿಯ ಮಹಿಮೆ ಗೊತ್ತಿದೆ. 1950ರಲ್ಲಿ ಧಾರವಾಡದ ಕೇಂದ್ರವೂ 1963ರಲ್ಲಿ ಸಾಂಗಲಿಯ ಕೇಂದ್ರವೂ ಆರಂಭವಾದಂದಿನಿಂದ, ಈ ಸೀಮೆಯ ಮನೆಯಲ್ಲಿ ಕುಳಿತವನು ಒಂದು ಗುಂಡಿಯನ್ನು ತಿರುಗಿಸಿ ಕನ್ನಡವನ್ನೂ ಮರಾಠಿಯನ್ನೂ ಒಂದೇ ಸಂಜೆಯಲ್ಲಿ ಕೇಳಬಲ್ಲವನಾದನು. ದನಿಯನ್ನಷ್ಟೇ ಕೇಳುವವನು ಹಾಡುವವಳ ಗದ್ದವನ್ನೋ ಭುಜವನ್ನೋ ಅಳೆಯಲಾರನು. ದೊರೆತದ್ದು ಹಾಡು, ಅದರಿಂದಲೇ ತೀರ್ಪು. ಜೋಗತಿಯ ಹಾಡನ್ನು ಮೊದಲು ಕಣ್ಣು ಮುಚ್ಚಿ ಕೇಳಿರೆಂದು ಜಾಲದ ಸಭೆಗಳವರಿಗೆ ನಾನು ಸೂಚಿಸುವುದು ಈ ಅನುಭವದಿಂದ.

ಇನ್ನು ನುಡಿಯ ಮಾತು. ಜಾಲದ ಇಂಥ ಸಭೆಗಳು ಬಹುತರವಾಗಿ ಇಂಗ್ಲಿಷಿನಲ್ಲಿ ನಡೆಯುವುವು. ಬೆಂಗಳೂರು, ಮುಂಬಯಿ, ಲಂಡನ್ನುಗಳ ಓದುಬಲ್ಲ ತರುಣರು ತಮ್ಮ ತಮ್ಮೊಳಗೆ ಮಾತನಾಡಿಕೊಂಡು, ನಡುವೆ ಐದು ನಿಮಿಷ ಜೋಗತಿಯೊಬ್ಬಳನ್ನು ಕುಣಿಸಿ, ಅವಳನ್ನು ಕುರಿತು ಇನ್ನೊಬ್ಬರು ಅರ್ಧ ಗಂಟೆ ಭಾಷಣ ಮಾಡುವ ಅಪಾಯವು ಕಲ್ಪಿತವಲ್ಲ. ಗುಡ್ಡದ ಧರ್ಮಕ್ಕೆ ಇದು ನೇರವಾಗಿ ವಿರುದ್ಧ. ಮಾತೂ ಅವಳದೇ ಆಗಬೇಕು. ಗಡಹಿಂಗ್ಲಜದ ಜೋಗತ್ಯಾನು ಮರಾಠಿಯಲ್ಲಿಯೂ ಮಂಜಮ್ಮನವರು ನೆಲೆಸಿದ ಮರಿಯಮ್ಮನಹಳ್ಳಿಯ ಜೋ­ಗತಿಯು ಕನ್ನಡದಲ್ಲಿಯೂ ಮಾತನಾಡಲಿ, ಝಾಪೊಟೆಕ್ ಕಲಾವಿದರು ತಮ್ಮ ನುಡಿಯಲ್ಲಿ ಮಾತನಾಡಲಿ, ನಡುವೆ ಸಂಬಳ ಕೊಟ್ಟು ನೇಮಿಸಿದ ದುಭಾಷಿಗಳಿರಲಿ. ಕರ್ನಾಟಕ ಸಂಗೀತದ ಗಾಯಕ ಟಿ.ಎಂ. ಕೃಷ್ಣ ಅವರು ಜೋಗಪ್ಪಗಳೊಡನೆ ಒಂದೇ ವೇದಿಕೆಯಲ್ಲಿ ಕುಳಿತು ಹಾಡಿದಾಗ, ಶಾಸ್ತ್ರೀಯ ಸಂಗೀತವನ್ನು ಕೇಳಲು ಬಂದವರು ಎಲ್ಲಮ್ಮನ ಹಾಡನ್ನು ಸಮಾನ ಗೌರವದಿಂದ ಕೇಳಬೇಕಾಯಿತು. ಆ ಬಗೆಯ ಸಮಪಂಕ್ತಿಯೇ ಇಲ್ಲಿಯೂ ಬೇಕಾದುದು.

ಸಂಭಾವನೆಯ ವಿಷಯದಲ್ಲಿ ನಮ್ಮ ಜನ ಸಂಕೋಚಪಡುವರು, ನಾನು ಪಡುವುದಿಲ್ಲ. ಪಡ್ಡಲಗಿಗೆ ಬೀಳುವ ಜೋಳ ಅಕ್ಕಿಗಳಿಂದ ಬದುಕುವವಳನ್ನು ಒಂದು ಸಂಜೆಯ ಮಟ್ಟಿಗೆ ಕರೆಸಿ, ಮೆಚ್ಚುಗೆಯ ಕೈಚಪ್ಪಾಳೆಯನ್ನು ಮಾತ್ರ ಕೊಟ್ಟು ಕಳಿಸುವುದು ಕಳ್ಳತನಕ್ಕೆ ಸಮ. ಹಣವನ್ನು ಬ್ಯಾಂಕಿನ ಖಾತೆಗೆ ನೇರವಾಗಿ ಕಳಿಸಬಹುದಲ್ಲವೇ ಎನ್ನುವಿರಿ. ಖಾತೆಯಲ್ಲಿರುವ ಹೆಸರು ಹುಟ್ಟಿದಾಗ ಇಟ್ಟ ಗಂಡುಹೆಸರು, ಆಹ್ವಾನಪತ್ರಿಕೆಯಲ್ಲಿರುವುದು ಜೋಗತಿಯ ಹೆಸರು, ಎಷ್ಟೋ ಜನರಿಗೆ ಖಾತೆಯೇ ಇಲ್ಲ. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ತನ್ನ ಲಿಂಗವನ್ನು ತಾನೇ ನಿರ್ಣಯಿಸಿಕೊಳ್ಳುವ ಹಕ್ಕನ್ನು ಮನ್ನಿಸಿತು. 2019ರ ಕಾಯಿದೆಯ ಮೇರೆಗೆ ಜಿಲ್ಲಾಧಿಕಾರಿಗಳಿಂದ ಗುರುತುಪತ್ರವನ್ನು ಪಡೆಯಬಹುದು. ಅದಕ್ಕೆ ಅರ್ಜಿ ಹಾಕುವ ಜಾಲದ್ವಾರವೂ 2020ರ ನವೆಂಬರಿನಲ್ಲಿ ತೆರೆಯಿತು. ಅಕ್ಷರ ಬಾರದವಳಿಗೆ ಆ ದ್ವಾರವನ್ನು ದಾಟಿಸುವವರು ಬೇಕು. ಸಭೆಯನ್ನು ಕರೆಯುವ ಉತ್ಸಾಹಿಗಳು ಮೊದಲು ಈ ಅರ್ಜಿಯನ್ನು ತುಂಬಿಸಿಕೊಡಲಿ. ಅದು ಯಾವ ಉಪನ್ಯಾಸಕ್ಕಿಂತಲೂ ಹೆಚ್ಚಿನ ಕಲಾಸೇವೆ.

ರಕ್ಷಣೆಯನ್ನು ಕುರಿತು ಒಂದು ಮಾತು ಹೇಳದಿರಲಾರೆ. ಗುಡ್ಡದ ಮೇಲೆ ನೋಡಿದವನು ನೋಡಿ ಹೋಗುವನು. ಜಾಲದ ಮೇಲೆ ನೋಡಿದವನು ಚಿತ್ರವನ್ನು ಕದ್ದಿಟ್ಟುಕೊಂಡು, ತಿಂಗಳ ನಂತರ ಅದಕ್ಕೆ ಅಶ್ಲೀಲವಾದ ಮಾತನ್ನು ಅಂಟಿಸಿ ಊರೂರಿಗೆ ಹಂಚಬಲ್ಲನು. ಸಣ್ಣ ಊರುಗಳ ಎಷ್ಟೋ ತರುಣರು, ಮನೆಯವರಿಗೆ ಗುಟ್ಟಾಗಿ, ಟಿಕ್‌ಟಾಕಿನಲ್ಲಿ ಲಾವಣಿ ಕುಣಿದು ಸಾವಿರಾರು ಮೆಚ್ಚುಗೆಗಳನ್ನೂ ಅಷ್ಟೇ ಬೈಗುಳಗಳನ್ನೂ ಪಡೆದರು. 2020ರ ಜೂನಿನಲ್ಲಿ ಸರಕಾರವು ಆ ತಾಣವನ್ನು ನಿಷೇಧಿಸಿದಾಗ ಆ ಕಿರಿದಾದ ರಂಗವೂ ಅವರಿಂದ ಹೋಯಿತು. ಯಾರ ಮುಖ ಕಾಣಬೇಕು, ಯಾರ ಹೆಸರು ಕೇಳಬೇಕು, ಚಿತ್ರವನ್ನು ಉಳಿಸಬೇಕೋ ಅಳಿಸಬೇಕೋ ಎಂಬುದನ್ನು ಕಲಾವಿದರ ಇಚ್ಛೆಗೇ ಬಿಡಬೇಕು. ಒಮ್ಮೆ ಒಪ್ಪಿದವರು ಮರುದಿನ ಬೇಡವೆಂದರೂ ಮನ್ನಿಸಬೇಕು. ಮನೆಯಲ್ಲಿ ಇನ್ನೂ ಹೇಳಿಕೊಳ್ಳದ ಹುಡುಗನ ಪಾಲಿಗೆ ಇದು ಪ್ರಾಣದ ಪ್ರಶ್ನೆ.

ಇಂಥ ಸಭೆಯು ಪ್ಯಾರಿಸ್ಸಿನಿಂದಲೋ ನ್ಯೂಯಾರ್ಕಿನಿಂದಲೋ ಕರೆ ಬಂದ ಮೇಲೆ ಆಗಬೇಕೆಂದೇನೂ ಇಲ್ಲ. ಮೊದಲ ಕೂಟವು ನಮ್ಮ ನಮ್ಮಲ್ಲಿಯೇ ಆಗಲಿ: ಗಡಹಿಂಗ್ಲಜ, ಇಚಲಕರಂಜಿ, ಸವದತ್ತಿ, ಮರಿಯಮ್ಮನಹಳ್ಳಿ, ಈ ನಾಲ್ಕು ಊರುಗಳ ನಡುವೆ, ಎರಡು ನುಡಿಗಳಲ್ಲಿ. ಜೋಗತಿಯರೇ ಅಧ್ಯಕ್ಷರಾಗಲಿ, ಹಾಡನ್ನೂ ವಿಷಯವನ್ನೂ ಅವರೇ ಆರಿಸಲಿ. ಒಂದೇ ಕಥೆಯನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಹೇಗೆ ಹಾಡುವರೆಂಬುದು ವಿದ್ವಾಂಸರಿಗೂ ಹೊಸ ಪಾಠವಾಗುವುದು. ಮಾತೃದೇವತೆಯಾದ ಲಜ್ಜಾಗೌರಿಯನ್ನು ಕುರಿತ ತಮ್ಮ ಗ್ರಂಥದಲ್ಲಿ ಸಂಶೋಧಕ ರಾ.ಚಿಂ. ಢೇರೆಯವರು ರೇಣುಕಾ ಎಲ್ಲಮ್ಮರನ್ನು ವಿವೇಚಿಸಿದರು, ಶಂ.ಬಾ. ಜೋಶಿಯವರು ಕನ್ನಡ ಮರಾಠಿಗಳ ಬೇರು ಎಲ್ಲಿ ಕೂಡಿತೆಂದು ಬಾಳೆಲ್ಲ ಹುಡುಕಿದರು. ಆ ಬೇರಿನ ನೀರನ್ನು ಇಂದಿಗೂ ಹೊತ್ತು ತಿರುಗುತ್ತಿರುವವರ ಬಾಯಿಂದಲೇ ಅದನ್ನು ಕೇಳುವ ಅವಕಾಶ ನಮ್ಮದು. ಅನಂತರ ಬಿಸ್ಸುಗಳನ್ನೂ ಮುಶೆಗಳನ್ನೂ ಕರೆಯೋಣ. ಆಗ ನಮ್ಮವರು ಅತಿಥಿಗಳಾಗಿ ಅಲ್ಲ, ಆತಿಥೇಯರಾಗಿ ಕೂಡುವರು.

ಕೊಲ್ಲಾಪುರದ ಶಿವಾಜಿ ವಿದ್ಯಾಪೀಠವನ್ನೂ, ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವನ್ನೂ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯವನ್ನೂ, ಈ ಸೀಮೆಯ ಎಲ್ಲ ಕಾಲೇಜುಗಳನ್ನೂ ನಾನು ಪ್ರಾರ್ಥಿಸುವುದಿಷ್ಟೆ: ಬರುವ ಹೊಸ್ತಿಲ ಹುಣ್ಣಿಮೆಯ ಜಾತ್ರೆ ಮುಗಿದ ವಾರದಲ್ಲಿ ನಿಮ್ಮ ನಿಮ್ಮ ಸಭಾಗೃಹದ ಬಾಗಿಲನ್ನು ಜೋಗತಿಯರಿಗೆ ತೆರೆದುಕೊಡಿರಿ. ಒಂದು ಪರದೆ, ಎರಡು ಧ್ವನಿಗ್ರಾಹಕ, ಒಬ್ಬ ದುಭಾಷಿ, ಬಂದವರಿಗೆ ಊಟ ಮತ್ತು ದಾರಿಖರ್ಚು, ಹಾಡಿದವರಿಗೆ ಸಂಭಾವನೆ. ಇಷ್ಟಕ್ಕೆ ಯಾವ ದೊಡ್ಡ ಅನುದಾನವೂ ಬೇಕಾಗಿಲ್ಲ.